ಮಹಾಬಳೇಶ್ವರ: ಗೋಮುಖದ ಹಿಂದೆ ಏನಿದೆ?

ಮಹಾಬಳೇಶ್ವರ ಎಂದ ಕೂಡಲೆ ನಮ್ಮ ಸಂಘದ ಅರ್ಧ ಜನಕ್ಕೆ ಗೋಕರ್ಣದ ಆತ್ಮಲಿಂಗ ನೆನಪಾಗುತ್ತದೆ, ಇನ್ನರ್ಧಕ್ಕೆ ಸ್ಟ್ರಾಬೆರಿ ನೆನಪಾಗುತ್ತದೆ. ಇಲ್ಲಿ ಬರೆಯುತ್ತಿರುವುದು ಸ್ಟ್ರಾಬೆರಿಯ ಮಹಾಬಳೇಶ್ವರದ ಬಗ್ಗೆ, ಅಂದರೆ ಸಾತಾರಾ ಜಿಲ್ಲೆಯ ಗಿರಿಧಾಮದ ಬಗ್ಗೆ. ಪುಣೆಯಿಂದ ಸುಮಾರು 120 ಕಿಲೋಮೀಟರು. ಸ್ವಾರಗೇಟಿನಲ್ಲಿ ಎಸ್.ಟಿ. ಬಸ್ಸು ಹತ್ತಿದರೆ ವಾಯಿ ದಾಟಿ, ಪಸರಣಿ ಘಾಟು ಏರಿ, ಪಂಚಗಣಿ ಹಾಯ್ದು ಊಟದ ಹೊತ್ತಿಗೆ ಮೇಲೆ ತಲುಪಬಹುದು. ಮುಂಬಯಿಯವರು ಪುಣೆಯ ಮೇಲೆ ಬರಬಹುದು, ಇಲ್ಲವೆ ಮಹಾಡ, ಪೋಲಾದಪುರದ ಕಡೆಯಿಂದ ಆಂಬೇನಳಿ ಘಾಟು ಹತ್ತಬಹುದು.

ಹೋದವರು ಏನು ನೋಡಿ ಬರುತ್ತಾರೆ? ನಾಲ್ಕಾರು 'ಪಾಯಿಂಟು', ವೇಣ್ಣಾ ಕೆರೆಯ ದೋಣಿ, ಕುದುರೆ ಸವಾರಿ, ಬಟ್ಟಲು ತುಂಬ ಸ್ಟ್ರಾಬೆರಿ ಮತ್ತು ಕ್ರೀಮು. ತಪ್ಪೇನಿಲ್ಲ, ನೋಡಲಿ, ತಿನ್ನಲಿ. ಆದರೆ ಆ ಊರಿನ ನಿಜವಾದ ಸೋಜಿಗ ನೀರು. ಆ ನೀರಿಗೂ ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರುಗಳಿಂದ ಓದಲಿಕ್ಕೆ ಬಂದ ನಮ್ಮಂಥವರ ಮನೆಯ ಕೊಡಕ್ಕೂ ನೇರ ಸಂಬಂಧವಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಐದು ನದಿ, ಒಂದು ಬಾಯಿ

ಪೇಟೆಯಿಂದ ಐದಾರು ಕಿಲೋಮೀಟರು ದೂರದಲ್ಲಿ ಹಳೆಯ ಮಹಾಬಳೇಶ್ವರವಿದೆ. ಜನ ಅದನ್ನು 'ಕ್ಷೇತ್ರ ಮಹಾಬಳೇಶ್ವರ' ಎನ್ನುತ್ತಾರೆ. ಅಲ್ಲಿ ಕಪ್ಪು ಕಲ್ಲಿನ ಪಂಚಗಂಗಾ ದೇವಸ್ಥಾನವಿದೆ. ಒಳಗೆ ಕಲ್ಲಿನ ಗೋವಿನ ಬಾಯಿಂದ ನೀರು ಕುಂಡಕ್ಕೆ ಬೀಳುತ್ತಲೇ ಇರುತ್ತದೆ. ಕೃಷ್ಣಾ, ವೇಣ್ಣಾ, ಕೋಯ್ನಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳ ನೀರು ಈ ಬಾಯಲ್ಲಿ ಕೂಡಿ ಬರುತ್ತದೆ ಎಂದು ನಂಬಿಕೆ. ಭಾಗೀರಥಿ 12 ವರ್ಷಕ್ಕೊಮ್ಮೆ, ಸರಸ್ವತಿ 60 ವರ್ಷಕ್ಕೊಮ್ಮೆ ಬರುತ್ತಾರಂತೆ. ಸಾವಿತ್ರಿಯ ಶಾಪದಿಂದ ವಿಷ್ಣು ಕೃಷ್ಣೆಯಾದ, ಶಿವ ವೇಣ್ಣೆಯಾದ, ಬ್ರಹ್ಮ ಕೋಯ್ನೆಯಾದ ಎಂಬ ಕಥೆಯನ್ನು ಅಲ್ಲಿನ ಅರ್ಚಕರು ಹೇಳುತ್ತಾರೆ.

ಒಂದು ಗೊಂದಲ ಇಲ್ಲೇ ಬಗೆಹರಿಸೋಣ. ಕೊಲ್ಹಾಪುರದ ಪಕ್ಕದಲ್ಲಿ ಹರಿದು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುವ ಪಂಚಗಂಗೆ ಬೇರೆ, ಈ ಪಂಚಗಂಗಾ ದೇವಸ್ಥಾನ ಬೇರೆ.

ಕಥೆ ಕಥೆಯ ಜಾಗದಲ್ಲಿರಲಿ. ನಕಾಶೆ ನೋಡಿದರೆ ಅದಕ್ಕಿಂತ ಕಡಿಮೆ ಆಶ್ಚರ್ಯವಾಗುವುದಿಲ್ಲ. ಒಂದೇ ಗುಡ್ಡದ ತಲೆಯಿಂದ ನಾಲ್ಕು ದಿಕ್ಕಿಗೆ ನದಿಗಳು ಇಳಿಯುತ್ತವೆ. ಕೃಷ್ಣೆ ಪೂರ್ವಕ್ಕೆ ವಾಯಿಯ ಕಡೆ ಇಳಿಯುತ್ತಾಳೆ. ವೇಣ್ಣೆ ಆಗ್ನೇಯಕ್ಕೆ ಹರಿದು ಸಾತಾರಾ ಹತ್ತಿರ ಸಂಗಮ ಮಾಹುಲಿಯಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕೋಯ್ನೆ ದಕ್ಷಿಣಕ್ಕೆ ಬಹುದೂರ ಓಡಿ, ಆಮೇಲೆ ಪೂರ್ವಕ್ಕೆ ತಿರುಗಿ, ಕರಾಡದಲ್ಲಿ ಕೃಷ್ಣೆಯ ಎದುರಿಗೇ ಬಂದು ಕೂಡುತ್ತಾಳೆ. ಸಾವಿತ್ರಿ ಮಾತ್ರ ಪಶ್ಚಿಮಕ್ಕೆ ಧುಮುಕಿ ಕೊಂಕಣ ದಾಟಿ ಅರಬ್ಬೀ ಸಮುದ್ರ ಸೇರುತ್ತಾಳೆ. ಅವಳ ಪಾತಾಳದಂಥ ಕಣಿವೆಯನ್ನು ಆರ್ಥರ್ಸ್ ಸೀಟ್ ಎಂಬಲ್ಲಿ ನಿಂತು ನೋಡಬಹುದು.

ಅರಬ್ಬೀ ಸಮುದ್ರ ಇಲ್ಲಿಂದ ನೇರ ಗೆರೆಯಲ್ಲಿ ಅರವತ್ತು ಚಿಲ್ಲರೆ ಕಿಲೋಮೀಟರು. ಆದರೂ ಕೃಷ್ಣೆ ಅದಕ್ಕೆ ಬೆನ್ನು ಹಾಕಿ ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರ ಸುತ್ತಿ, ಸುಮಾರು 1,400 ಕಿಲೋಮೀಟರು ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ದಕ್ಷಿಣದ ನಾಡು ಪೂರ್ವಕ್ಕೆ ವಾಲಿದೆ, ಸಹ್ಯಾದ್ರಿಯ ನೆತ್ತಿ ಪಶ್ಚಿಮದ ಅಂಚಿನಲ್ಲಿದೆ. ನೆತ್ತಿಯ ಈ ಕಡೆ ಬಿದ್ದ ಹನಿಗೂ ಆ ಕಡೆ ಬಿದ್ದ ಹನಿಗೂ ನಡುವೆ ಅಷ್ಟು ವ್ಯತ್ಯಾಸ.

ಇಪ್ಪತ್ತು ಅಡಿ ಮಳೆ

ಗೋಮುಖದಿಂದ ನೀರು ಬರುತ್ತದೆ ಸರಿ, ಗೋಮುಖಕ್ಕೆ ಎಲ್ಲಿಂದ ಬರುತ್ತದೆ? ಮೊದಲ ಉತ್ತರ ಮಳೆ. ಊರು ಸಮುದ್ರಮಟ್ಟದಿಂದ ಸುಮಾರು 1,350 ಮೀಟರು ಎತ್ತರದಲ್ಲಿದೆ. ಕಡಲಿನಿಂದ ಬರುವ ಮುಂಗಾರು ಮೋಡಕ್ಕೆ ಇದೇ ಮೊದಲ ದೊಡ್ಡ ಗೋಡೆ. ವರ್ಷಕ್ಕೆ ಹೆಚ್ಚುಕಡಿಮೆ 6 ಮೀಟರು, ಅಂದರೆ ಇಪ್ಪತ್ತು ಅಡಿಯ ಹತ್ತಿರ ಮಳೆ. ನೀರು ಹರಿಯದೆ ನಿಂತಲ್ಲೇ ನಿಂತರೆ ಮಾಳಿಗೆ ಮನೆಯೇ ಮುಳುಗುತ್ತದೆ. ಹದಿನೆಂಟು ಹತ್ತೊಂಬತ್ತು ಕಿಲೋಮೀಟರು ಪೂರ್ವಕ್ಕಿರುವ ಪಂಚಗಣಿಯಲ್ಲಿ ಅದರ ಮೂರರಲ್ಲೊಂದು ಪಾಲು ಮಾತ್ರ. ಇನ್ನೂ ಕೆಳಗಿಳಿದರೆ ಬಯಲುಸೀಮೆ.

2021ರ ಜುಲೈ 22-23ರಂದು ಮಹಾಬಳೇಶ್ವರದಲ್ಲಿ 24 ಗಂಟೆಯಲ್ಲಿ ಸುಮಾರು 594 ಮಿಲಿಮೀಟರು ಮಳೆ ಸುರಿಯಿತು. ವಿಜಯಪುರಕ್ಕೆ ಇಡೀ ವರ್ಷಕ್ಕೆ ಬರುವುದೂ ಹೆಚ್ಚುಕಡಿಮೆ ಅಷ್ಟೇ! ಆ ಜುಲೈ ಕೊನೆಗೆ ಸಾಂಗ್ಲಿಯಲ್ಲೂ ನಮ್ಮ ಬೆಳಗಾವಿ ಜಿಲ್ಲೆಯ ನದೀತೀರದಲ್ಲೂ ಕೃಷ್ಣೆ ಊರೊಳಗೆ ನುಗ್ಗಿದ್ದನ್ನು ಓದುಗರಲ್ಲಿ ಕೆಲವರು ಸ್ವತಃ ಕಂಡಿರಬೇಕು.

ಆದರೆ ಮಳೆ ಒಂದೇ ಉತ್ತರವಲ್ಲ. ಮಳೆ ಬೀಳುವುದು ಜೂನಿನಿಂದ ಸೆಪ್ಟೆಂಬರಿನ ತನಕ, ಆಮೇಲೆ ಅಕ್ಟೋಬರದಲ್ಲಿ ಒಂದಿಷ್ಟು. ಗೋಮುಖ ಏಪ್ರಿಲ್ಲಿನಲ್ಲೂ ಸುರಿಯುತ್ತದೆ. ಆರೇಳು ತಿಂಗಳು ಆ ನೀರನ್ನು ಹಿಡಿದಿಟ್ಟವರು ಯಾರು? ಗುಡ್ಡದ ಮೇಲೆ ಹಿಮವಿಲ್ಲ. ವೇಣ್ಣಾ ಕೆರೆಯೂ ಇದಕ್ಕೆ ಕಾರಣವಲ್ಲ. ಅದನ್ನು 1842ರಲ್ಲಿ ಸಾತಾರಾ ಮಹಾರಾಜ ಅಪ್ಪಾಸಾಹೇಬರು ಕಟ್ಟಿಸಿದ್ದು, ಒರತೆಗಳು ಅದಕ್ಕಿಂತ ಎಷ್ಟೋ ಹಳೆಯವು. ನಿಜ ಹೇಳಬೇಕೆಂದರೆ ಆ ಕೆರೆ ತುಂಬುವುದೇ ಒರತೆಗಳಿಂದ.

ಮೇಲೆ ಮಂಗಳೂರು ಕಲ್ಲು, ಕೆಳಗೆ ಬಿಜಾಪುರದ ಕಲ್ಲು

ಉತ್ತರ ಕಾಲ ಕೆಳಗಿದೆ. ಮಹಾಬಳೇಶ್ವರದ ನೆತ್ತಿಯ ಮಣ್ಣು ಕೆಂಪು, ಕಲ್ಲೂ ಕೆಂಪು. ದಕ್ಷಿಣ ಕನ್ನಡ, ಉಡುಪಿಯ ಕಡೆಯ ಗೆಳೆಯರು ಅದನ್ನು ನೋಡಿದೊಡನೆ ಗುರುತು ಹಿಡಿಯುತ್ತಾರೆ: "ಅರೆ, ಇದು ನಮ್ಮ ಮುರಕಲ್ಲಲ್ವಾ ಮಾರಾಯ್ರೆ!" ಹೌದು, ಅದೇ. ಪುಸ್ತಕದ ಕನ್ನಡದಲ್ಲಿ ಜಂಬಿಟ್ಟಿಗೆ, ಇಂಗ್ಲಿಷಿನವರು ಲ್ಯಾಟರೈಟ್ ಎನ್ನುವುದು. ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟಿನ್ ಭಾಷೆಯ 'ಇಟ್ಟಿಗೆ' ಶಬ್ದದಿಂದ ಆ ಹೆಸರು ಕೊಟ್ಟ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಇದೆ ನೋಡಿ.

ಈ ಕೆಂಪು ಪದರದ ಕೆಳಗಿರುವುದು ಕಪ್ಪು ಕಲ್ಲು, ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಲಾವಾ ಉಕ್ಕಿ, ಪದರದ ಮೇಲೆ ಪದರವಾಗಿ ಹರಿದು ಹೆಪ್ಪುಗಟ್ಟಿ ಆದದ್ದು. ಇಡೀ ಪಶ್ಚಿಮ ಮಹಾರಾಷ್ಟ್ರ ನಿಂತಿರುವುದು ಇದರ ಮೇಲೆ. ನಮ್ಮ ವಿಜಯಪುರದ ಗೋಲಗುಮ್ಮಟ ಕಟ್ಟಿದ್ದೂ ಇದೇ ಜಾತಿಯ ಕಲ್ಲಿನಿಂದ. ಲಕ್ಷಾಂತರ ವರ್ಷ ಮಳೆ ಬಿಸಿಲು ಈ ಕಪ್ಪು ಕಲ್ಲಿನ ತಲೆಯ ಮೇಲೆ ಬಿದ್ದೂ ಬಿದ್ದೂ ಅದರೊಳಗಿನ ಮರಳಿನ ಅಂಶ ತೊಳೆದು ಹೋಯಿತು, ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ಅಂಶ ಉಳಿಯಿತು. ಕಬ್ಬಿಣಕ್ಕೆ ತುಕ್ಕು ಹಿಡಿದು ಕೆಂಪಾಯಿತು. ಹೀಗೆ ಮೈಯೆಲ್ಲ ತೂತು ತೂತಾದ ಜಂಬಿಟ್ಟಿಗೆಯ ಟೋಪಿ ಗುಡ್ಡಕ್ಕೆ ಬಂತು. ಅದರ ದಪ್ಪ ಎಷ್ಟೋ ಕಡೆ ಹತ್ತಾರು ಮೀಟರು. ಪಂಚಗಣಿಯ ಟೇಬಲ್ ಲ್ಯಾಂಡ್ ಎಂಬ ಮಟ್ಟಸ ಬಯಲು ಇಂಥ ಟೋಪಿಯೇ. ಅದರ ಅಂಚಿಗೆ ಹೋಗಿ ನಿಂತರೆ ಟೋಪಿ ಎಲ್ಲಿ ಮುಗಿಯುತ್ತದೆ ಎಂದು ಬರಿಗಣ್ಣಿಗೆ ಕಾಣುತ್ತದೆ.

ಕೆಂಪು ಕಲ್ಲಿಗೂ ಕಪ್ಪು ಕಲ್ಲಿಗೂ ನಡುವೆ ಜಿಗುಟು ಮಣ್ಣಿನ ಪದರವಿರುತ್ತದೆ. ಕರಾವಳಿಯಲ್ಲಿ ಇಂಥ ಮಣ್ಣಿಗೆ ಶೇಡಿಮಣ್ಣು ಎನ್ನುತ್ತಾರೆ. ಇದರೊಳಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ.

ಇನ್ನು ಆಟ ಅರ್ಥ ಮಾಡಿಕೊಳ್ಳುವುದು ಸುಲಭ. ಹಾಸ್ಟೆಲ್ಲಿನಲ್ಲೇ ಮಾಡಿ ನೋಡಬಹುದು. ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿ, ಸ್ವಲ್ಪ ಓರೆಯಾಗಿಡಿ. ಅದರ ಮೇಲೆ ದಪ್ಪ ಸ್ಪಂಜು ಇಡಿ. ಒಂದು ಲೋಟ ನೀರನ್ನು ನಿಧಾನಕ್ಕೆ ಸ್ಪಂಜಿನ ಮೇಲೆ ಸುರಿಯಿರಿ. ನೀರು ಕುಡಿದ ಸ್ಪಂಜು ಬಹಳ ಹೊತ್ತು ಒಂದು ಅಂಚಿನಿಂದ ತಟಕ್ ತಟಕ್ ಅಂತ ತೊಟ್ಟಿಕ್ಕುತ್ತದೆ. ಸ್ಪಂಜೇ ಜಂಬಿಟ್ಟಿಗೆ, ತಟ್ಟೆಯೇ ಶೇಡಿಮಣ್ಣು ಮತ್ತು ಕಪ್ಪು ಕಲ್ಲು, ತೊಟ್ಟಿಕ್ಕುವ ಅಂಚೇ ಒರತೆ. ಆ ಅಂಚಿಗೆ ಕಲ್ಲಿನ ಹಸುವಿನ ಮುಖ ಕೂಡಿಸಿದರೆ ಗೋಮುಖ.

ಈಗ ಅದೇ ಸ್ಪಂಜಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಮತ್ತೆ ನೀರು ಸುರಿಯಿರಿ. ನೀರೆಲ್ಲ ಒಮ್ಮೆಲೆ ನೆಲದ ಪಾಲು, ಸ್ಪಂಜು ಒಣ ಒಣ. ಈ ಎರಡನೆಯ ಪ್ರಯೋಗವನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಈ ವಿದ್ಯೆ ನಮ್ಮವರಿಗೆ ಪುಸ್ತಕ ಓದಿ ಬಂದದ್ದಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ರೈತರು ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಸುರಂಗ ಕೊರೆದು, ಒಳಗೆ ಜಿನುಗುವ ನೀರನ್ನು ತೋಟಕ್ಕೆ ತರುತ್ತಾರೆ. ಪಂಪು ಬೇಡ, ಕರೆಂಟು ಬೇಡ. ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿ, ಹಲವು ಸಲ ನೀರು ಸಿಗದೆ, ಬಿಡದೆ ಮತ್ತೆ ತೋಡಿ ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಹಾಬಳೇಶ್ವರದಲ್ಲಿ ಸಹ್ಯಾದ್ರಿ ತಾನೇ ಕಣಿವೆ ಕೊರೆದು ಆ ಸುರಂಗದ ಕೆಲಸ ಮಾಡಿದೆ. ವ್ಯತ್ಯಾಸ ಅಷ್ಟೆ.

ಹಾಗಾದರೆ ನಲ್ಲಿ ಏಕೆ ಒಣಗಿತು?

ಒಂದು ಮೇ ತಿಂಗಳಲ್ಲಿ ನಾವು ಐದು ಜನ ಅಲ್ಲಿ ಎರಡು ರಾತ್ರಿ ತಂಗಿದ್ದೆವು. ಲಾಡ್ಜಿನ ಹೆಸರು ಬೇಡ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ನೀರು. ಎರಡನೆಯ ದಿನ ಅದೂ ಇಲ್ಲ. ತಲೆಗೊಂದು ಬಕೆಟ್ಟು ಎಂದು ಮಾಲಿಕರು ಕೈಮುಗಿದರು. ಮಧ್ಯಾಹ್ನ ಟ್ಯಾಂಕರು ಬಂತು. ನಮ್ಮೊಳಗಿನ ಇಂಡಿ ತಾಲೂಕಿನ ಗೆಳೆಯ ಕಟ್ಟೆಯ ಮೇಲೆ ಕೂತು ಟ್ಯಾಂಕರನ್ನೇ ನೋಡುತ್ತ ಹೇಳಿದ: "ಅಲ್ಲೋ, ಇಪ್ಪತ್ತ ಅಡಿ ಮಳಿ ಆಗೂ ಊರಾಗ ಟ್ಯಾಂಕರ್ ಬರ್ತದಂದ್ರ, ನಮ್ಮೂರಿಗೆ ಬರೂದ್ರಾಗ ಏನ್ ಆಶ್ಚರ್ಯ ಐತಿ?"

ಅವನ ಮಾತು ನಗೆಗೆ ಬಂದದ್ದು, ಆದರೆ ಪ್ರಶ್ನೆ ಸರಿಯಾದದ್ದು. ಕಾರಣ ಒಂದಲ್ಲ, ಮೂರು.

ಮೊದಲನೆಯದು, ಸ್ಪಂಜು ದೊಡ್ಡದಲ್ಲ. ನೆತ್ತಿಯ ಮೇಲಿನ ಕೆಂಪು ಬಯಲು ಎಷ್ಟಿದೆಯೋ ಅಷ್ಟೇ ಟಾಕಿ. ಮಳೆ ಎಷ್ಟೇ ಸುರಿಯಲಿ, ಟಾಕಿ ತುಂಬಿದ ಮೇಲೆ ಉಳಿದದ್ದು ಇಳಿಜಾರಿನಲ್ಲಿ ಓಡಿಹೋಗುತ್ತದೆ. ಅದಕ್ಕೇ ಗುಡ್ಡದ ಸುತ್ತಿನ ಕೆಲವು ಹಳ್ಳಿಗಳು ಮಳೆಗಾಲದಲ್ಲಿ ಮೋಡದೊಳಗೆ ಮುಳುಗಿದ್ದರೂ ಬೇಸಗೆಯಲ್ಲಿ ಕೊಡ ಹಿಡಿದು ನಿಲ್ಲುತ್ತವೆ.

ಎರಡನೆಯದು, ಬೇಡಿಕೆ ಬರುವುದು ತಪ್ಪು ತಿಂಗಳಲ್ಲಿ. ಪ್ರವಾಸಿಗರು ಮುಗಿಬೀಳುವುದು ಏಪ್ರಿಲ್, ಮೇ ತಿಂಗಳಲ್ಲಿ, ಒರತೆ ತೀರ ಸಣ್ಣಗಾದಾಗ. ಇದು ಬ್ರಿಟಿಷರ ಕಾಲದ ಚಾಳಿ. ಮುಂಬಯಿಯ ಗವರ್ನರ್ ಸರ್ ಜಾನ್ ಮಾಲ್ಕಂ 1828-29ರ ಸುಮಾರಿಗೆ ಸಾತಾರಾ ರಾಜರಿಂದ ಈ ಜಾಗ ಪಡೆದು ಆರೋಗ್ಯಧಾಮ ಮಾಡಿದ. ಪೇಟೆಗೆ ಮಾಲ್ಕಂ ಪೇಠ ಎಂಬ ಹೆಸರು ಬಂದದ್ದು ಅದರಿಂದ. ಮುಂಬಯಿ ಪ್ರಾಂತದ ಸರ್ಕಾರ ಬೇಸಗೆಗೆ ಇಲ್ಲಿಗೇ ಏರಿ ಬರುತ್ತಿತ್ತು. ಆಗ ಬರುತ್ತಿದ್ದವರು ಕೆಲವು ಬಂಗಲೆಗಳವರು, ಈಗ ಬರುವವರು ಊರಿಗೆ ಊರು. ಸ್ಟ್ರಾಬೆರಿಯೂ ಇದೆ. 2010ರಲ್ಲಿ ಭೌಗೋಳಿಕ ಸೂಚಿ ಪಡೆದ ಈ ಬೆಳೆ ಮಳೆ ನಿಂತ ಮೇಲೆ ನೆಟ್ಟು ಬೇಸಗೆಯ ತನಕ ಕೊಯ್ಯುವಂಥದು, ಅದಕ್ಕೂ ನೀರು ಬೇಕಾಗುವುದು ಒಣ ತಿಂಗಳಲ್ಲೇ. ಹಾಗೆಂದು ರೈತರನ್ನು ದೂರಬೇಡಿ. ಅವರು ಬಹಳ ಮಟ್ಟಿಗೆ ಹನಿ ನೀರಾವರಿಯಲ್ಲಿ ಬೆಳೆಯುತ್ತಾರೆ. ಲಾಡ್ಜಿನ ಷವರ್ ಹಾಗಲ್ಲ.

ಮೂರನೆಯದು, ಆ ಪ್ಲಾಸ್ಟಿಕ್ ಹಾಳೆ. ನೆತ್ತಿಯ ಮೇಲೆ ಹಾಕಿದ ಪ್ರತಿಯೊಂದು ಡಾಂಬರು, ಕಾಂಕ್ರೀಟು, ಫರಸಿ, ಕಾರು ನಿಲ್ಲಿಸುವ ಬಯಲು ಸ್ಪಂಜಿಗೆ ಹೊದಿಸಿದ ಹಾಳೆಯೇ. ಕಾಡು ಕಡಿದರೂ ಹಾಗೇ. ಅಲ್ಲಿನ ಗಿಡ್ಡ ನಿತ್ಯಹಸುರು ಕಾಡು, ನೇರಳೆ, ಅಳಲೆ ಮರಗಳ ಕೆಳಗಿನ ತರಗೆಲೆ, ಬೀಳುವ ಹನಿಯ ರಭಸ ಮುರಿದು ಅದನ್ನು ನಿಧಾನಕ್ಕೆ ಕಲ್ಲಿಗೆ ಇಳಿಸುತ್ತವೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ತೂತು ಕಲ್ಲು ನೀರನ್ನು ಬೇಗ ಇಳಿಸಿಕೊಳ್ಳುತ್ತದೆ, ಸೋಸುವುದು ಕಡಿಮೆ. ಮೇಲೆ ಶೌಚದ ಗುಂಡಿ ತೋಡಿದರೆ ಕೆಳಗಿನ ಒರತೆಗೆ ಅದರ ಕೊಳೆ ಬರುತ್ತದೆ. ಮುರಕಲ್ಲಿನ ನೆಲದಲ್ಲಿ ಬಾವಿ ತೋಡುವಾಗ ಗುಂಡಿಯಿಂದ ದೂರ ತೋಡು ಎಂದು ಕರಾವಳಿಯ ಹಿರಿಯರು ಹೇಳುವುದು ಇದಕ್ಕೇ.

ಕೇಂದ್ರ ಸರ್ಕಾರ 2001ರ ಜನವರಿಯಲ್ಲಿ ಮಹಾಬಳೇಶ್ವರ-ಪಂಚಗಣಿಯನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಿತು. ಅಲ್ಲಿ ಮನಸ್ಸಿಗೆ ಬಂದ ಹಾಗೆ ಕಟ್ಟುವಂತಿಲ್ಲ. ಈ ನಿರ್ಬಂಧದ ಬಗ್ಗೆ ಅಲ್ಲಿಯವರಲ್ಲಿ ಗೊಣಗಾಟವೂ ಇದೆ. ಮನೆಗೊಂದು ಕೋಣೆ ಸೇರಿಸಬೇಕೆಂದರೂ ಕಚೇರಿ ಅಲೆಯಬೇಕು, ದೊಡ್ಡವರು ಹೇಗೋ ಕಟ್ಟಿಕೊಳ್ಳುತ್ತಾರೆ ಎಂಬ ಮಾತು. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ನಿರ್ಬಂಧ ಕಾಯುತ್ತಿರುವುದು ಕೇವಲ ನೋಟವನ್ನಲ್ಲ, ಟಾಕಿಯನ್ನು, ಎಂಬುದನ್ನು ಯಾರಾದರೂ ಅವರಿಗೂ ನಮಗೂ ಬಿಡಿಸಿ ಹೇಳಬೇಕಿತ್ತು.

ನಮ್ಮ ಪಾಲೆಷ್ಟು?

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಆಲಮಟ್ಟಿಯಲ್ಲಿ ನಿಲ್ಲುವ ನೀರೆಲ್ಲ ಮಹಾಬಳೇಶ್ವರದ ಒರತೆಯ ನೀರಲ್ಲ. ಅದರ ಬಹುಪಾಲು ಸಹ್ಯಾದ್ರಿಯ ಉದ್ದಕ್ಕೂ ಮಳೆಗಾಲದಲ್ಲಿ ಓಡಿ ಬಂದದ್ದು. ಕೋಯ್ನೆ, ವಾರಣೆ, ಪಂಚಗಂಗೆ, ದೂಧಗಂಗೆ ತಂದು ಕೊಟ್ಟದ್ದು. ವಾಯಿಯ ಮೇಲೆ ಧೋಮ್ ಅಣೆಕಟ್ಟು ಕೃಷ್ಣೆಯನ್ನು ಹುಟ್ಟಿದ ಕೂಡಲೆ ಹಿಡಿಯುತ್ತದೆ. ಕೋಯ್ನೆಯ ನೀರಿನ ದೊಡ್ಡ ಪಾಲು ಸಹ್ಯಾದ್ರಿಯ ಹೊಟ್ಟೆಯೊಳಗಿನ ಸುರಂಗದಲ್ಲಿ ಪಶ್ಚಿಮಕ್ಕೆ ಬಿದ್ದು ವಿದ್ಯುತ್ತಾಗಿ ಕೊಂಕಣಕ್ಕೆ ಹೋಗುತ್ತದೆ. 1,960 ಮೆಗಾವ್ಯಾಟಿನ ಯೋಜನೆ ಅದು. ಮುಂಬಯಿ, ಪುಣೆಯಲ್ಲಿ ರಾತ್ರಿ ಓದುವಾಗ ಉರಿಯುವ ದೀಪದಲ್ಲಿ ಆ ಗುಡ್ಡದ ನೀರಿನ ಒಂದು ಪಾಲಿರಬಹುದು.

ಈ ನೀರಿನ ಲೆಕ್ಕಕ್ಕಾಗಿ 1969ರಲ್ಲಿ ಬಚಾವತ್ ನ್ಯಾಯಮಂಡಳಿ ಕೂತಿತು. ಅದರ ತೀರ್ಪಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಗಿನ ಆಂಧ್ರಕ್ಕೆ 800 ಟಿ.ಎಂ.ಸಿ. ಬಂತು. 2004ರಲ್ಲಿ ಎರಡನೆಯ ಮಂಡಳಿ ಆಯಿತು. ವ್ಯಾಜ್ಯ ಇನ್ನೂ ಹರಿದಿಲ್ಲ. ಆದರೆ ಮಂಡಳಿಗಳು ಹಂಚುವುದು ವರ್ಷದ ಒಟ್ಟು ನೀರನ್ನು. ಮೇ ತಿಂಗಳಿನಲ್ಲಿ ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆಯ ಹೊಳೆ ಬತ್ತಿ ಮರಳು ಕಂಡಾಗ ವರ್ಷದ ಲೆಕ್ಕ ಕುಡಿಯಲಿಕ್ಕೆ ಬರುವುದಿಲ್ಲ. 2023ರ ಮೇ ಕೊನೆಯಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಮಹಾರಾಷ್ಟ್ರಕ್ಕೆ ಪತ್ರ ಬರೆದು, ಕುಡಿಯುವ ನೀರಿಗಾಗಿ ಕೃಷ್ಣೆಗೂ ಭೀಮೆಗೂ ಸ್ವಲ್ಪ ನೀರು ಬಿಡಿ ಎಂದು ಕೇಳಿದ್ದರು. ಇಂಥ ಪತ್ರ ಅದೇ ಮೊದಲಲ್ಲ.

ಒರತೆಯ ಬೆಲೆ ಇರುವುದು ಇಲ್ಲಿ. ಮಳೆಗಾಲದಲ್ಲಿ ಅದರ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಮಳೆ ನಿಂತ ಮೇಲೆ, ಅಣೆಕಟ್ಟಿನಿಂದ ಮೇಲಿನ ಹೊಳೆಯಲ್ಲಿ ಹರಿಯುವುದು ಮುಖ್ಯವಾಗಿ ಅದೇ. ಸಹ್ಯಾದ್ರಿಯ ಉದ್ದಕ್ಕೂ ಮಹಾಬಳೇಶ್ವರದಂಥ ಸ್ಪಂಜು ಟೋಪಿಗಳು ಎಷ್ಟೋ ಇವೆ. ಒಂದೊಂದಕ್ಕೂ ಹಾಳೆ ಹೊದಿಸುತ್ತ ಹೋದರೆ ಮಳೆಗಾಲದ ಹೊಳೆ ಇನ್ನಷ್ಟು ಉಬ್ಬುತ್ತದೆ, ಬೇಸಗೆಯ ಹೊಳೆ ಇನ್ನಷ್ಟು ಬೇಗ ಬತ್ತುತ್ತದೆ. ಎರಡೂ ಪೆಟ್ಟು ಬೀಳುವುದು ಕೆಳಗಿನವರಿಗೆ. ಕೆಳಗಿನವರೆಂದರೆ ನಾವು.

ಹೋಗುವವರಿಗೆ ನಾಲ್ಕು ಮಾತು

ಮೇ ತಿಂಗಳು ಬಿಡಿ. ದೀಪಾವಳಿಯ ಆಸುಪಾಸಿನಲ್ಲಿ ಹೋಗಿ. ಒರತೆಗಳು ತುಂಬಿರುತ್ತವೆ, ಗುಡ್ಡ ಹಸಿರಾಗಿರುತ್ತದೆ. ರಾತ್ರಿ ಕಂಬಳಿ ಬೇಕು.

ಆದರೆ ಒಂದು ರಾತ್ರಿಯಾದರೂ ಪೇಟೆ ಬಿಟ್ಟು ಕ್ಷೇತ್ರದ ಕಡೆ ತಂಗಿ. ಬೆಳಿಗ್ಗೆ ಜನ ಸೇರುವ ಮುಂಚೆ ಪಂಚಗಂಗಾ ನೋಡಿ, ಅಲ್ಲಿಂದ ಸ್ವಲ್ಪ ನಡೆದು ಕೃಷ್ಣಾಬಾಯಿಯ ಹಳೆಯ ಗುಡಿಗೆ ಹೋಗಿ. ಕಡಿಮೆ ಜನ ಹೋಗುವ ಜಾಗ. ಅಲ್ಲಿಯೂ ಕಲ್ಲಿನ ಗೋಮುಖವಿದೆ, ಎದುರಿಗೆ ಕೃಷ್ಣೆಯ ಕಣಿವೆ ತೆರೆದುಕೊಂಡಿದೆ. ಗುಡಿಯ ಹಿಂದಿನ ಗುಡ್ಡದ ಬಣ್ಣ ಎಲ್ಲಿ ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ ಎಂದು ಹುಡುಕಿ. ದಾರಿಯಲ್ಲಿ ಜಿನುಗುವ ಸಣ್ಣ ಒರತೆಗಳನ್ನು ಎಣಿಸುತ್ತ ಹೋಗಿ, ಬಹುಪಾಲು ಅದೇ ಗೆರೆಯ ಆಸುಪಾಸಿನಲ್ಲಿ ಸಿಕ್ಕುತ್ತವೆ.

ಕೋಣೆ ಹಿಡಿಯುವಾಗ ಬಾಡಿಗೆಯ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ನೀರು ಎಲ್ಲಿಂದ ಬರುತ್ತದೆ, ಕೊಳೆ ನೀರು ಎಲ್ಲಿಗೆ ಹೋಗುತ್ತದೆ? ಮಾಲಿಕರು ಮೊದಲು ವಿಚಿತ್ರವಾಗಿ ನೋಡುತ್ತಾರೆ. ಹತ್ತು ಗುಂಪು ಕೇಳಿದರೆ ಹನ್ನೊಂದನೆಯ ಗುಂಪಿಗೆ ಉತ್ತರ ಸಿದ್ಧವಿರುತ್ತದೆ.

ರಜೆಗೆ ಊರಿಗೆ ಹೋದಾಗ ಇನ್ನೊಂದು ಕೆಲಸ ಮಾಡಿ. ನಿಮ್ಮ ಊರಿನ ಸೆಲೆ, ಬಾವಿ, ಸುರಂಗ, ಹಳ್ಳ, ಯಾವುದಾದರೂ ಸರಿ, ಮೊದಲು ಯಾವ ತಿಂಗಳ ತನಕ ನೀರಿತ್ತು, ಈಗ ಯಾವ ತಿಂಗಳ ತನಕ ಇದೆ ಎಂದು ಅಜ್ಜಿ ತಾತಂದಿರನ್ನು ಕೇಳಿ ಬರೆದುಕೊಂಡು ಬನ್ನಿ. ಒಂದೊಂದು ಪುಟ ಸಾಕು. ಮುಂದಿನ ಸಂಚಿಕೆಯಲ್ಲಿ ಅವನ್ನೆಲ್ಲ ಒಟ್ಟಿಗೆ ಹಾಕಿದರೆ ಕೃಷ್ಣೆಯ ಮೇಲಿನ ತುದಿಯಿಂದ ನಮ್ಮ ಹಿತ್ತಿಲಿನ ತನಕ ಒಂದು ನಕಾಶೆಯಾಗುತ್ತದೆ.